ಮುಗಿಯದ ಕಥೆ ಮತ್ತು ನಿಲ್ಲದ ಯಂತ್ರ: ಒಂದು ವಿವೇಚನೆ

ಜನಪದ ಕಥೆಗಳಲ್ಲಿ 'ಮುಗಿಯದ ಕಥೆ' ಎಂಬ ಪ್ರಕಾರವೊಂದಿದೆ. ಕಥಾವರ್ಗಗಳ ಅಂತರರಾಷ್ಟ್ರೀಯ ಸೂಚಿಯಲ್ಲಿ ಅದರ ಸಂಖ್ಯೆ 2300. ಗುಬ್ಬಿಯೊಂದು ಕಣಜದಿಂದ ಕಾಳೊಂದನ್ನು ಒಯ್ಯುತ್ತದೆ. ಮತ್ತೊಂದು ಬಂದು ಮತ್ತೊಂದು ಕಾಳನ್ನು ಒಯ್ಯುತ್ತದೆ. ಬೇಸತ್ತ ಅರಸನು ಸೋಲೊಪ್ಪುತ್ತಾನೆ. ಆದರೆ ಕಣಜದ ಕಾಳಿಗೆ ಮಿತಿಯುಂಟು. ಕೇಳುಗನ ಬೇಸರವು ಕಥೆಯ ಅನಂತತೆಗೆ ಪ್ರಮಾಣವಾಗದು.

ಅಲನ್ ಟ್ಯೂರಿಂಗ್ ಅವರು 1936ರಲ್ಲಿ ಬೇರಾವ ಯಂತ್ರವನ್ನಾದರೂ ಅನುಕರಿಸಬಲ್ಲ ಸಾರ್ವತ್ರಿಕ ಯಂತ್ರವನ್ನು ಕಲ್ಪಿಸಿದರು. ಯಂತ್ರಗಳ ಮುಂದಿನ ನಡೆಯನ್ನು ನಿರ್ಣಯಿಸುವ ಸಾಮಾನ್ಯ ವಿಧಾನವಿಲ್ಲವೆಂದು ಸಾಧಿಸಿದುದೂ ಅದೇ ಪ್ರಬಂಧದಲ್ಲಿ. 'ನಿಲುಗಡೆಯ ಸಮಸ್ಯೆ' ಎಂಬ ಹೆಸರು ಬಂದುದು 1950ರ ದಶಕದಲ್ಲಿ. ಅನುಕರಿಸುವ ಕ್ರಮವಿಧಿಯೇ ಇದನ್ನು ಬಿಡಿಸಬಲ್ಲುದೆಂದು ವಾದಿಸುವವರುಂಟು. ಅನುಕರಿಸಿದ್ದು ನಿಂತರೆ ತಿಳಿಯುತ್ತದೆ. ನಿಲ್ಲದಿದ್ದರೆ ಅನುಕರಿಸುವುದೂ ನಿಲ್ಲದು. ಹಿಂದಿನ ಸ್ಥಿತಿಯೇ ಯಥಾವತ್ತಾಗಿ ಮರುಕಳಿಸಿದರೆ ಆವರ್ತನವನ್ನು ಗುರುತಿಸಬಹುದು, ನಿಜ. ಹೆಜ್ಜೆಹೆಜ್ಜೆಗೂ ಸ್ಥಿತಿ ಬದಲಾದರೆ ಆ ಉಪಾಯ ಸಾಲದು. ನಡುವೆಯೇ ತಡೆದು ತೀರ್ಪಿತ್ತರೆ, ಆ ತೀರ್ಪನ್ನೇ ಕೇಳಿಕೊಂಡು ತದ್ವಿರುದ್ಧವಾಗಿ ವರ್ತಿಸುವ ಕ್ರಮವಿಧಿಯನ್ನು ರಚಿಸಬಹುದು: 'ನಿಲ್ಲದು' ಎಂದರೆ ಅದು ನಿಲ್ಲುತ್ತದೆ, 'ನಿಲ್ಲುತ್ತದೆ' ಎಂದರೆ ನಿಲ್ಲದು.

ಮೂಡಿಗೆರೆಯ ಕಾಫಿತೋಟದಲ್ಲಿ ನೆಲೆಸಿ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ ಪೂರ್ಣಚಂದ್ರ ತೇಜಸ್ವಿ (1938-2007) ಅವರ ಮನೆಯ ಹೆಸರು 'ನಿರುತ್ತರ'. ಹೆಸರಿನ ಹೋಲಿಕೆ ಆಕಸ್ಮಿಕವಾದರೂ ಪ್ರಮೇಯದ ಫಲ ಕನ್ನಡದ ತಂತ್ರಾಂಶಕ್ಕೂ ಅನ್ವಯಿಸುತ್ತದೆ: ಎಲ್ಲ ಕ್ರಮವಿಧಿಗಳಿಗೂ ಖಾತರಿ ನೀಡುವ ಒಂದೇ ಪರೀಕ್ಷಕ ಇರಲಾರದು. ಒಂದೊಂದನ್ನೂ ಅದರದರ ರಚನೆಯಿಂದಲೇ ಅರಿಯಬೇಕು. ಅರಸನು ಕಥೆಯ ಕೊನೆಗೆ ಕಾಯುವ ಬದಲು ಕಣಜದ ಮಿತಿಯನ್ನು ಯೋಚಿಸಿದ್ದರೆ ಸೋಲುತ್ತಿರಲಿಲ್ಲ.