ಎಕ್ಸೆಲ್ ತೋರಿಸಿದ ಮೊತ್ತ ಯಾವಾಗಲೂ ಸರಿಯೇ?

‘ಎಕ್ಸೆಲ್‌ನಲ್ಲಿ ಹಾಕಿದ ಲೆಕ್ಕ, ತಪ್ಪೋಕೆ ಸಾಧ್ಯವೇ ಇಲ್ಲ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕೂಡುವುದರಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ, ನಿಜ. ಆದರೆ ಏನನ್ನು ಕೂಡಬೇಕು ಎಂದು ಹೇಳುವವರು ಮನುಷ್ಯರು. ತಪ್ಪು ನುಸುಳುವುದು ಅಲ್ಲೇ.

ಕಣ್ಣಿಗೆ ಕಾಣುವ ತಪ್ಪು

ಇವು ಹ್ಯಾಶ್ ಗುರುತಿನೊಂದಿಗೆ ಬರುತ್ತವೆ.
- #ಡಿವ್/0! – ಸೊನ್ನೆಯಿಂದ ಅಥವಾ ಖಾಲಿ ಸೆಲ್‌ನಿಂದ ಭಾಗಿಸಲಾಗುತ್ತಿದೆ.
- #ರೆಫ್! – ಫಾರ್ಮುಲಾಕ್ಕೆ ಬೇಕಿದ್ದ ಸಾಲು ಅಥವಾ ಕಾಲಂ ಅಳಿಸಿಹೋಗಿದೆ.
- #ವ್ಯಾಲ್ಯೂ! – ಸಂಖ್ಯೆ ಇರಬೇಕಾದ ಕಡೆ ಅಕ್ಷರ ಇದೆ.
- #ನೇಮ್? – ಫಾರ್ಮುಲಾದ ಹೆಸರು ತಪ್ಪಾಗಿ ಟೈಪ್ ಆಗಿದೆ.

ಇವುಗಳಿಗೆ ಹೆದರಬೇಕಿಲ್ಲ. ತಪ್ಪು ಎಲ್ಲಿದೆ ಎಂದು ಶೀಟೇ ಹೇಳುತ್ತಿದೆ.

ಕಣ್ಣಿಗೆ ಕಾಣದ ತಪ್ಪು

ಅಪಾಯ ಇರುವುದು ಇಲ್ಲಿ. ಗಣೇಶೋತ್ಸವಕ್ಕೆ ಆರು ಮನೆಯವರು ತಲಾ 500 ರೂಪಾಯಿ ಚಂದಾ ಕೊಟ್ಟರು ಎಂದುಕೊಳ್ಳಿ. ಒಬ್ಬರ ಹೆಸರಿನ ಮುಂದೆ ‘500/-’ ಎಂದು ಬರೆಯಲಾಗಿದೆ. ಶೀಟ್ ಅದನ್ನು ಸಂಖ್ಯೆಯಲ್ಲ, ಅಕ್ಷರ ಎಂದು ತಿಳಿದು ಕೂಡದೆ ಬಿಡುತ್ತದೆ. ಆರನೆಯವರ ಹೆಸರನ್ನು ಆಮೇಲೆ ಕೆಳಗೆ ಸೇರಿಸಿದ್ದಾರೆ, ಆದರೆ ಫಾರ್ಮುಲಾ ಐದನೇ ಹೆಸರಿಗೇ ನಿಂತಿದೆ. 3,000 ಬರಬೇಕಾದಲ್ಲಿ 2,000 ಬರುತ್ತದೆ. ಯಾವ ಎಚ್ಚರಿಕೆಯೂ ಇಲ್ಲ. ಲೆಕ್ಕ ಬರೆದವರ ಮೇಲೆ ಸುಮ್ಮನೆ ಅನುಮಾನ!

ದೊಡ್ಡವರಿಗೂ ತಪ್ಪಿದ್ದಲ್ಲ

ಸರ್ಕಾರದ ಸಾಲ ಹೆಚ್ಚಾದರೆ ದೇಶದ ಬೆಳವಣಿಗೆ ಕುಸಿಯುತ್ತದೆ ಎಂದು ಕಾರ್ಮೆನ್ ರೀನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಬರೆದ ಪ್ರಬಂಧ ಬಹಳ ಪ್ರಸಿದ್ಧವಾಯಿತು. 2013ರಲ್ಲಿ ಥಾಮಸ್ ಹೆರ್ನ್‌ಡನ್ ಎಂಬ ವಿದ್ಯಾರ್ಥಿ ಅವರಿಂದಲೇ ಶೀಟ್ ಪಡೆದು ನೋಡಿದಾಗ, ಸರಾಸರಿಯ ಫಾರ್ಮುಲಾ 49ನೇ ಸಾಲಿನವರೆಗೆ ಹೋಗದೆ 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಕೆನಡಾ ಸೇರಿ ಐದು ದೇಶಗಳು ಬಿಟ್ಟುಹೋಗಿದ್ದವು. ಲೇಖಕರು ಈ ತಪ್ಪನ್ನು ಒಪ್ಪಿಕೊಂಡರು. ತಮ್ಮ ಒಟ್ಟು ವಾದವನ್ನು ಮಾತ್ರ ಬಿಡಲಿಲ್ಲ. ನೆನಪಿಡಬೇಕಾದ್ದು ಇಷ್ಟೇ: ಶೀಟ್ ಕೈಗೆ ಸಿಕ್ಕಿದ್ದರಿಂದಲೇ ತಪ್ಪು ಸಿಕ್ಕಿತು.

ಪತ್ತೆ ಹಚ್ಚಿ ಸರಿಪಡಿಸುವುದು ಹೇಗೆ?

1. ಮೊತ್ತದ ಸೆಲ್ ಮುಟ್ಟಿ ಫಾರ್ಮುಲಾ ಓದಿ. ಅದು ಕೊನೆಯ ಸಾಲಿನವರೆಗೂ ಇದೆಯೇ? ಇಲ್ಲದಿದ್ದರೆ ಸಾಲಿನ ಸಂಖ್ಯೆ ತಿದ್ದಿ.
2. ಸಾಮಾನ್ಯವಾಗಿ ಸಂಖ್ಯೆ ಸೆಲ್‌ನ ಬಲಕ್ಕೂ ಅಕ್ಷರ ಎಡಕ್ಕೂ ಕೂರುತ್ತದೆ. ಎಡಕ್ಕೆ ಕೂತ ಮೊತ್ತ ಕಂಡರೆ ‘/-’ ಅಳಿಸಿ ಬರೀ ಸಂಖ್ಯೆ ಬರೆಯಿರಿ.
3. ಕೌಂಟ್ ಫಾರ್ಮುಲಾ ಸಂಖ್ಯೆಗಳನ್ನಷ್ಟೇ ಎಣಿಸುತ್ತದೆ. ಹಣ ಕೊಟ್ಟವರು ಆರು, ಕೌಂಟ್ ಐದು ಎಂದರೆ ಒಂದು ಮೊತ್ತ ಲೆಕ್ಕಕ್ಕೆ ಸೇರಿಲ್ಲ.
4. ತಪ್ಪಿನ ಗುರುತು ಕಾಣದಂತೆ ಇಫ್‌ಎರರ್ ಹಾಕಿ ಮುಚ್ಚಬೇಡಿ. ಗುರುತು ಹೋಗುತ್ತದೆ, ತಪ್ಪು ಹೋಗುವುದಿಲ್ಲ.

ಹಾಗಾಗಿ ಗುಂಪಿನಲ್ಲಿ ಲೆಕ್ಕ ಹಂಚುವಾಗ ಸ್ಕ್ರೀನ್‌ಶಾಟ್ ಮಾತ್ರ ಕಳಿಸದೆ, ಶೀಟನ್ನೂ ಕಳಿಸಿ. ಚಿತ್ರದಲ್ಲಿ ಮೊತ್ತ ಕಾಣುತ್ತದೆ, ಅದು ಬಂದ ದಾರಿ ಕಾಣುವುದಿಲ್ಲ.