ಕೇಳುಗರು ಉಳಿಸಿಕೊಂಡ ಧ್ವನಿಮುದ್ರಿಕೆ

ಮಾರಾಟವೂ ಮನ್ನಣೆಯೂ ಬೇರೆ ಬೇರೆ ಎಂಬುದಕ್ಕೆ ಸಂಗೀತದ ಚರಿತ್ರೆಯಲ್ಲಿ ನಿದರ್ಶನಗಳು ಹಲವು. 1945ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜನಿಸಿದ ವ್ಯಾನ್ ಮಾರಿಸನ್ ಅವರ 'ಆಸ್ಟ್ರಲ್ ವೀಕ್ಸ್' ಅಂಥವುಗಳಲ್ಲೊಂದು.

1968ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಕೆಲವೇ ಬೈಠಕ್ಕುಗಳಲ್ಲಿ, ನ್ಯೂಯಾರ್ಕಿನಲ್ಲಿ ಇದರ ಧ್ವನಿಮುದ್ರಣ ನಡೆಯಿತು. ನಿರ್ಮಾಪಕ ಲೂಯಿಸ್ ಮೆರೆನ್‌ಸ್ಟೈನ್ ಕರೆಸಿದ್ದು ನುರಿತ ಜಾಝ್ ವಾದಕರನ್ನು: ಬಾಸ್ ವಾದ್ಯಕ್ಕೆ ರಿಚರ್ಡ್ ಡೇವಿಸ್, ಗಿಟಾರಿಗೆ ಜೇ ಬರ್ಲಿನರ್, ಡ್ರಮ್ಸ್‌ಗೆ ಕಾನಿ ಕೇ. ಅವರ ಮುಂದೆ ಸ್ವರಲಿಪಿಯ ಹಾಳೆಗಳಿರಲಿಲ್ಲ. ಯುವ ಗಾಯಕ ಗಿಟಾರ್ ನುಡಿಸುತ್ತ ಹಾಡನ್ನು ಕೇಳಿಸಿದರೆ, ವಾದಕರು ತಮ್ಮ ಮನೋಧರ್ಮಕ್ಕೆ ತಕ್ಕಂತೆ ಅದನ್ನು ಅನುಸರಿಸಿದರು. ಜನಪದ ಧಾಟಿಗೆ ಜಾಝ್ ಬೆರೆತುದು ಹೀಗೆ.

ನವೆಂಬರಿನಲ್ಲಿ ಮುದ್ರಿಕೆ ಹೊರಬಂದಾಗ ಕೊಂಡವರು ವಿರಳ. ಆದರೆ ಕೇಳಿದವರು ಅದನ್ನು ಮರೆಯಲಿಲ್ಲ. ಕಷ್ಟದ ದಿನಗಳಲ್ಲಿ ಈ ಹಾಡುಗಳೇ ತಮಗೆ ಆಸರೆಯಾದುವೆಂದು ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ 1979ರ ಪ್ರಬಂಧವೊಂದರಲ್ಲಿ ಸ್ಮರಿಸಿದರು. ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ 'ಗೋಲ್ಡ್' ಮಾನ್ಯತೆ ದೊರೆತುದು 2001ರಲ್ಲಿ. ಅಂದರೆ 33 ವರ್ಷಗಳ ಬಳಿಕ!

ಈ ಪ್ರೀತಿಗೆ ಇನ್ನೊಂದು ಕಾರಣವನ್ನೂ ಊಹಿಸಬಹುದು. ದೂರದ ನ್ಯೂಯಾರ್ಕಿನಲ್ಲಿ ಹಾಡಿದರೂ ಅಲ್ಲಿ ಮೂಡುವುದು ಬೆಲ್‌ಫಾಸ್ಟಿನ ಬೀದಿಗಳೇ. 1969ರಲ್ಲಿ ಆ ನಗರದ ಬೀದಿಗಳಿಗೆ ಸೈನ್ಯ ಇಳಿಯಿತು; ಹಿಂಸೆ ಸುಮಾರು ಮೂರು ದಶಕ ಮುಂದುವರಿಯಿತು. ಅದಕ್ಕೆ ಮುಂಚಿನ ಊರು ಈ ಹಾಡುಗಳಲ್ಲಿ ಉಳಿದುಕೊಂಡಿದೆ. 2015ರಲ್ಲಿ, ತಮ್ಮ 70ನೆಯ ಹುಟ್ಟುಹಬ್ಬದಂದು, ಮಾರಿಸನ್ ಅವರು ಈ ಮುದ್ರಿಕೆಯ ಹಾಡೊಂದಕ್ಕೆ ಹೆಸರಿತ್ತ ಸೈಪ್ರಸ್ ಅವೆನ್ಯೂವಿನಲ್ಲೇ ನಿಂತು ಹಾಡಿದರು.

ಪ್ರಿಯ ವಿದ್ಯಾರ್ಥಿಗಳೇ, ಚರಿತ್ರೆಯನ್ನು ದಾಖಲೆಗಳಷ್ಟೇ ಕಾಯುವುದಿಲ್ಲ. ಮತ್ತೆ ಮತ್ತೆ ಆಲಿಸುವ ಕಿವಿಗಳೂ ಕಾಯುತ್ತವೆ.