ಮನೆ ಮುಂದಿನ ರಸ್ತೆ ಮನೆಯವರದ್ದೇ? ಪಾರ್ಕಿಂಗ್ ಬಗ್ಗೆ ಹರಿದಾಡುವ ಮಾತುಗಳು ಎಷ್ಟು ನಿಜ?

‘ನಿಮ್ಮ ಮನೆ ಮುಂದಿನ ಜಾಗ ನಿಮ್ಮದೇ, ಅಲ್ಲಿ ಬೇರೆಯವರು ಗಾಡಿ ನಿಲ್ಲಿಸುವಂತಿಲ್ಲ’ ಎನ್ನುವವರಿದ್ದಾರೆ. ‘ಮನೆ ಮುಂದೆ ಕಾರು ನಿಲ್ಲಿಸಿದರೆ ವರ್ಷಕ್ಕೆ 5,000 ರೂಪಾಯಿ ಕಟ್ಟಬೇಕು’ ಎಂದು ಫಾರ್ವರ್ಡ್ ಮಾಡುವವರೂ ಇದ್ದಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓಣಿಗಳಲ್ಲಿ ಇರುವವರು ಇದರಲ್ಲಿ ಯಾವುದನ್ನು ನಂಬಬೇಕು?

ರಸ್ತೆ ಯಾರದ್ದು?

ಗದಗ-ಬೆಟಗೇರಿಗೆ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿಗೆ ಪುರಸಭೆ, ಶಿರಹಟ್ಟಿಗೆ ಪಟ್ಟಣ ಪಂಚಾಯತಿ ಇದೆ. ಎಲ್ಲಕ್ಕೂ ಅನ್ವಯವಾಗುವುದು ಕರ್ನಾಟಕ ಪುರಸಭೆಗಳ ಕಾಯ್ದೆ, 1964. ಓಣಿಯ ಸಾರ್ವಜನಿಕ ರಸ್ತೆ, ಅದರ ಗಟಾರ, ಫುಟ್‌ಪಾತ್ ಇವೆಲ್ಲ ಸ್ಥಳೀಯ ಸಂಸ್ಥೆಯ ಸುಪರ್ದಿಯಲ್ಲಿರುತ್ತವೆ. ನಿಮ್ಮ ಹಕ್ಕು ನಿಮ್ಮ ಸೈಟಿನ ಗಡಿಗೆ ಮುಗಿಯುತ್ತದೆ. ರಸ್ತೆಯಲ್ಲಿ ಕಲ್ಲು, ಕುಂಡ, ಸರಪಳಿ ಇಟ್ಟು ಜಾಗ ಹಿಡಿದರೆ ಅದು ಒತ್ತುವರಿ.

ಹಾಗಾದರೆ ಗೇಟಿಗೆ ಅಡ್ಡ ನಿಲ್ಲಿಸಬಹುದೇ?

ಇಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಯಾರದೇ ಮನೆ, ಆವರಣದ ದಾರಿಗೆ ಅಡ್ಡವಾಗಿ ವಾಹನ ನಿಲ್ಲಿಸುವಂತಿಲ್ಲ. ಇದಕ್ಕೆ ನೀವು ಬೋರ್ಡ್ ಹಾಕಿರಲೇಬೇಕು ಎಂದೇನಿಲ್ಲ. ಹಾಗೆಯೇ, ನೀವೇ ಬರೆಸಿ ತೂಗುಹಾಕಿದ ‘ನೋ ಪಾರ್ಕಿಂಗ್’ ಫಲಕದಿಂದ ಇಡೀ ರಸ್ತೆಬದಿ ನಿಷೇಧಿತ ಜಾಗವಾಗುವುದೂ ಇಲ್ಲ. ಸಂಚಾರ ಫಲಕ ಹಾಕುವ ಅಧಿಕಾರ ಸರ್ಕಾರ ಮತ್ತು ಅದು ನೇಮಿಸಿದ ಪ್ರಾಧಿಕಾರಗಳಿಗೆ ಮಾತ್ರ.

ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ 5,000 ರೂಪಾಯಿವರೆಗೆ ದಂಡ ಬೀಳಬಹುದು. ನಿಷೇಧಿತ ಜಾಗದಲ್ಲಿ ನಿಂತ ವಾಹನವನ್ನು, ಅಥವಾ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆಗೂ ಹೆಚ್ಚು ಹೊತ್ತು ಬಿಟ್ಟುಹೋದ ವಾಹನವನ್ನು ಎತ್ತಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಆದೇಶಿಸಬಹುದು. ಅದರ ಖರ್ಚು ಮಾಲೀಕರದ್ದು. ಸಿಟ್ಟಿಗೆ ನೀವೇ ಗಾಳಿ ತೆಗೆದು, ಗಾಜು ಒಡೆದರೆ ಕೇಸು ನಿಮ್ಮ ಮೇಲೆಯೇ ಬರುತ್ತದೆ.

5,000 ರೂಪಾಯಿ ಶುಲ್ಕದ ಕಥೆ ಏನು?

ಅದು ಬೆಂಗಳೂರಿನ ಸುದ್ದಿ. ಅಲ್ಲಿಗೆಂದು ರೂಪಿಸಿದ ‘ಪಾರ್ಕಿಂಗ್ ನೀತಿ 2.0’ರಲ್ಲಿ ಮನೆ ಹತ್ತಿರದ ರಸ್ತೆಬದಿ ನಿಲುಗಡೆಗೆ ವಾರ್ಷಿಕ ಪರವಾನಗಿಯ ಪ್ರಸ್ತಾವ ಇತ್ತು. 2021ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆ ನೀತಿ ಗದಗ ಜಿಲ್ಲೆಯ ಊರುಗಳಿಗಾಗಿ ಮಾಡಿದ್ದಲ್ಲ.

ಕಾರು ಹತ್ತಿಸುವ ಇಳಿಜಾರು?

ಮನೆಯೊಳಗೆ ಕಾರು ಹತ್ತಿಸಲು ಗಟಾರದ ಮೇಲೆ ಕಾಂಕ್ರೀಟ್ ಸುರಿದು ರಸ್ತೆಯವರೆಗೆ ಇಳಿಜಾರು ಚಾಚುವವರಿದ್ದಾರೆ. ಗಟಾರ ಮುಚ್ಚಿದರೆ ಹೂಳು ತೆಗೆಯಲು ಆಗುವುದಿಲ್ಲ, ದೊಡ್ಡ ಮಳೆ ಬಂದಾಗ ನೀರು ಪಕ್ಕದ ಮನೆಗೆ ನುಗ್ಗುತ್ತದೆ. ಫುಟ್‌ಪಾತ್ ಮೇಲೆ ಇಳಿಜಾರು ಬಂದರೆ ನಡೆಯುವವರು ರಸ್ತೆಗೆ ಇಳಿಯಬೇಕು. ಅಡೆತಡೆ ಇಲ್ಲದ ಫುಟ್‌ಪಾತ್ ಪಾದಚಾರಿಗಳ ಮೂಲಭೂತ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಇಳಿಜಾರು ನಿಮ್ಮ ಗಡಿಯೊಳಗೇ ಇರಲಿ. ಗಟಾರದ ಮೇಲೆ ಏನೇ ಹಾಕುವುದಿದ್ದರೂ ಮೊದಲು ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯಿರಿ.

ಇದು ಬರೀ ಜಗಳದ ವಿಷಯವಲ್ಲ

ಒಂದು ಲೆಕ್ಕ ನೋಡಿ. 15 ಅಡಿ ಓಣಿ ಎಂದರೆ ಸುಮಾರು 4.5 ಮೀಟರ್. ಒಂದು ಕಾರಿನ ಅಗಲ ಸುಮಾರು 1.7 ಮೀಟರ್. ಎರಡೂ ಬದಿ ಕಾರು ನಿಂತರೆ ಉಳಿಯುವುದು 1.1 ಮೀಟರ್. ಆಂಬ್ಯುಲೆನ್ಸ್ ಇರಲಿ, ಆಟೊ ಕೂಡ ದಾಟುವುದಿಲ್ಲ. ಒಂದೇ ಬದಿ ನಿಲ್ಲಿಸಿದರೆ 2.8 ಮೀಟರ್ ಉಳಿಯುತ್ತದೆ. ವಾಹನಗಳಿಗೆ ಕಾನೂನು ಒಪ್ಪುವ ಗರಿಷ್ಠ ಅಗಲ 2.6 ಮೀಟರ್. ಅಂದರೆ ಅಗ್ನಿಶಾಮಕ ವಾಹನವೂ ನಿಧಾನವಾಗಿ ದಾಟಬಹುದು. ‘ಒಂದೇ ಬದಿ ನಿಲ್ಲಿಸೋಣ’ ಎಂದು ಓಣಿಯವರು ಕೂತು ಮಾತಾಡಿಕೊಂಡರೆ ಒಂದು ಜೀವ ಉಳಿಯಬಹುದು.

ಏನು ಮಾಡಬೇಕು?

ಗೇಟಿಗೆ ಅಡ್ಡ ವಾಹನ ನಿಂತಿದ್ದರೆ ಮೊದಲು ಮಾಲೀಕರನ್ನು ಕೇಳಿ, ನಂಬರ್ ಪ್ಲೇಟ್ ಸಹಿತ ಫೋಟೊ ತೆಗೆದುಕೊಳ್ಳಿ. ಆಗದಿದ್ದರೆ ಠಾಣೆಗೆ ತಿಳಿಸಿ, ತುರ್ತಿದ್ದರೆ 112ಕ್ಕೆ ಕರೆ ಮಾಡಿ. ಕಲ್ಲು, ಇಳಿಜಾರು, ಮುಚ್ಚಿದ ಗಟಾರದ ದೂರನ್ನು ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯತಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಪಾರ್ಕಿಂಗ್ ಬಗ್ಗೆ ಮುಂದಿನ ಸಂದೇಶ ಬಂದಾಗ ಅದು ಯಾವ ಊರಿನ ನಿಯಮ ಎಂದು ನೋಡಿ, ಆಮೇಲೆ ಕಳಿಸಿ.